ಕೋರ್ಟು ಸ್ವತಂತ್ರವಾದರೆ ಬೆಳೆಗಾರನಿಗೇನು?

ಪ್ರಶ್ನೆ: ಸರ್, ನ್ಯಾಯಾಂಗ ಸ್ವತಂತ್ರವಾಗಿದ್ದರೆ ದೇಶ ಉದ್ಧಾರವಾಗುತ್ತೆ ಅಂತಾರೆ. ನಮ್ಮಂಥ ಸಣ್ಣ ಕಾಫಿ ಬೆಳೆಗಾರರಿಗೆ ಅದರಿಂದೇನು?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಕಾಫಿ ಕೊಟ್ಟಿರಿ, ವ್ಯಾಪಾರಿಯ ಚೆಕ್ ಬೌನ್ಸ್ ಆಯ್ತು ಅಂದುಕೊಳ್ಳಿ. ಅವನಿಗೆ ದೊಡ್ಡವರ ಪರಿಚಯ ಬೇರೆ! ಇರಲಿ ಬಿಡಿ. ಚಿಕ್ಕಮಗಳೂರಿನ ಜಡ್ಜ್ ಸಾಹೇಬರ ವರ್ಗಾವಣೆ ಶಾಸಕರ ಕೈಲಿಲ್ಲ. ಸಂವಿಧಾನದ 235ನೇ ವಿಧಿ ಜಿಲ್ಲಾ ಕೋರ್ಟುಗಳ ಹಿಡಿತವನ್ನು ಹೈಕೋರ್ಟಿಗೆ ಕೊಟ್ಟಿದೆ. ಕೋರ್ಟಿನ ಕಚೇರಿಯಲ್ಲಿ ಶಿರಸ್ತೇದಾರನಾಗಿ ಇದನ್ನು ಹತ್ತಿರದಿಂದ ಕಂಡಿದ್ದೇನೆ. ಕೋರ್ಟು ಯಾರ ಮುಲಾಜಿಗೂ ಬೀಳದು ಎಂಬ ಈ ಧೈರ್ಯ ಇರುವುದಕ್ಕೇ ಗುರುತಿಲ್ಲದವರ ಜೊತೆಗೂ ವ್ಯಾಪಾರ ಕುದುರುತ್ತೆ, ಬ್ಯಾಂಕು ಸಾಲ ಕೊಡುತ್ತೆ, ಅಲ್ವಾ? ವಾಯಿದೆ ಮೇಲೆ ವಾಯಿದೆ ಬೀಳುವ ಕಾಯಿಲೆ ಮಾತ್ರ ಇನ್ನೂ ವಾಸಿಯಾಗಿಲ್ಲ. ಆದ್ದರಿಂದ ನೀವು ಸುಮ್ನೆ ಕೂರಬೇಡಿ. ಚೆಕ್ ವಾಪಸಾದದ್ದು ತಿಳಿದ 30 ದಿನದೊಳಗೆ ನೋಟಿಸ್ ಕೊಡಿ. ಅದು ತಲುಪಿ 15 ದಿನವಾದರೂ ದುಡ್ಡು ಬರದಿದ್ದರೆ, ಮುಂದಿನ ಒಂದು ತಿಂಗಳಲ್ಲಿ ಕೋರ್ಟಿನಲ್ಲಿ ದೂರು ಹಾಕಿ.