ತಲೆಬರಹದಲ್ಲಿ ಉದುರಿಹೋದ ‘ಬಹುದು’

ಓದುಗರ ಪತ್ರ: ಜಾಲತಾಣಗಳಲ್ಲಿ ಸುಳ್ಳು ಸುದ್ದಿಯು ನಿಜಕ್ಕಿಂತ ಆರು ಪಟ್ಟು ವೇಗವಾಗಿ ಹರಡುತ್ತದೆಂದು ವಿಜ್ಞಾನಿಗಳೇ ಸಾಬೀತು ಮಾಡಿದ್ದಾರೆ. ಈ ಮಾತನ್ನು ಎಲ್ಲ ಕಡೆಯೂ ಓದಿದ್ದೇನೆ. ನಿಮ್ಮ ಪತ್ರಿಕೆ ಮಾತ್ರ ಈ ಬಗ್ಗೆ ಒಂದು ಸಾಲನ್ನೂ ಬರೆದಿಲ್ಲವೇಕೆ?

ಸಂಪಾದಕರ ಉತ್ತರ: ಬರೆಯದೆ ಉಳಿದದ್ದು ನಮ್ಮ ಲೋಪವೇ, ಒಪ್ಪಿಕೊಳ್ಳುತ್ತೇನೆ. ಆದರೆ ನಿಮ್ಮ ಪತ್ರದ ‘ಸಾಬೀತು’ ಎಂಬ ಪದವನ್ನು ಒಪ್ಪಲಾರೆ. ಈ ಉತ್ತರ ಇಷ್ಟು ಉದ್ದವಾಗಿರುವುದಕ್ಕೆ ಆ ಪದವೇ ಕಾರಣ.

ನೀವು ಹೇಳುತ್ತಿರುವುದು ಸೊರೂಶ್ ವೊಸೂಘಿ, ದೆಬ್ ರಾಯ್ ಮತ್ತು ಸಿನಾನ್ ಅರಲ್ ಅವರು 2018ರ ಮಾರ್ಚ್‌ನಲ್ಲಿ ‘ಸೈನ್ಸ್’ ನಿಯತಕಾಲಿಕದಲ್ಲಿ ಪ್ರಕಟಿಸಿದ ಅಧ್ಯಯನವನ್ನು. 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಸುಮಾರು 30 ಲಕ್ಷ ಜನ ಹಂಚಿಕೊಂಡ ಸುದ್ದಿಗಳ ಸುಮಾರು 1,26,000 ಸರಣಿಗಳನ್ನು, ಅಂದರೆ ಒಬ್ಬರ ಟ್ವೀಟನ್ನು ಮತ್ತೊಬ್ಬರು ಮರುಹಂಚುತ್ತಾ ಬೆಳೆದ ಸಾಲುಗಳನ್ನು, ಅವರು ಪರಿಶೀಲಿಸಿದರು. ಅದು ಶ್ರಮದ, ಗೌರವಾರ್ಹ ಕೆಲಸ. ‘ಆರು ಪಟ್ಟು’ ಎಂಬ ಮಾತು ಅಲ್ಲಿ ಇದೆ, ಆದರೆ ಒಂದು ನಿರ್ದಿಷ್ಟ ಅಳತೆಯಾಗಿ ಇದೆ: 1,500 ಜನರನ್ನು ತಲುಪಲು ಸುಳ್ಳು ತೆಗೆದುಕೊಂಡ ಸಮಯದ ಸುಮಾರು ಆರರಷ್ಟನ್ನು ನಿಜ ತೆಗೆದುಕೊಂಡಿತು. ಯಾವ ನಿಜ, ಯಾವ ಸುಳ್ಳು? ಸತ್ಯಶೋಧನೆ ಮಾಡುವ ಆರು ಸಂಸ್ಥೆಗಳು ಎತ್ತಿಕೊಂಡು ತೀರ್ಪು ಕೊಟ್ಟಿದ್ದ, ಅಂದರೆ ಆಗಲೇ ಯಾರಿಗೋ ಅನುಮಾನ ಹುಟ್ಟಿಸಿದ್ದ ಸುದ್ದಿಗಳು. ಯಾರೂ ಪ್ರಶ್ನಿಸದ, ದಿನನಿತ್ಯದ ಸಾವಿರಾರು ನಿಜ ಸುದ್ದಿಗಳು ಆ ಆರು ಸಂಸ್ಥೆಗಳ ಮೇಜಿಗೆ ಬರುವುದೇ ಇಲ್ಲ. ಇದನ್ನು ಸಂಶೋಧಕರು ಮುಚ್ಚಿಡಲಿಲ್ಲ. ಮುಚ್ಚಿದವರು ನಾವು, ಪತ್ರಿಕೆಯವರು.

ಅಲ್ಲಿಗೂ ಕಥೆ ನಿಲ್ಲಲಿಲ್ಲ. 2021ರಲ್ಲಿ ಯೊನಾಸ್ ಯೂಲ್ ಮತ್ತು ಯೋಹಾನ್ ಉಗಾಂಡರ್ ಅದೇ ದತ್ತಾಂಶವನ್ನು ಮತ್ತೆ ತೆಗೆದು, ಒಂದೇ ಗಾತ್ರದ ಸರಣಿಗಳನ್ನು ಜೋಡಿ ಮಾಡಿ ಹೋಲಿಸಿದಾಗ, ನಿಜ ಮತ್ತು ಸುಳ್ಳು ಹರಡುವ ವಿನ್ಯಾಸದಲ್ಲಿ ಕಂಡಿದ್ದ ವ್ಯತ್ಯಾಸವು ಬಹುಪಾಲು ಕರಗಿಹೋಯಿತು. ಸುಳ್ಳಿನ ಸರಣಿಗಳು ದೊಡ್ಡವು ಎಂಬುದು ಉಳಿಯಿತು; ಅವು ಬೇರೆಯೇ ರೀತಿಯಲ್ಲಿ ಹರಡುತ್ತವೆ ಎಂಬುದು ಉಳಿಯಲಿಲ್ಲ. ಎಲ್ಲ ಕಡೆಯೂ ಓದಿದ ನೀವು ಇದನ್ನೂ ಎಲ್ಲಾದರೂ ಓದಿದಿರಾ?

ಉಪದೇಶ ಮಾಡುವ ಹಕ್ಕು ನನಗೆ ಅಷ್ಟಾಗಿ ಇಲ್ಲ. ಉಪಸಂಪಾದಕನಾಗಿದ್ದ ಮೊದಲ ವರ್ಷ, ಒಂದು ಸಂಶೋಧನೆಯ ಸುದ್ದಿಗೆ ‘ಕಾರಣವಾಗಿರಬಹುದು’ ಎಂದು ಮುಗಿಯುವ ತಲೆಬರಹ ಬರೆದಿದ್ದೆ. ಎರಡು ಕಾಲಂ ಅಗಲಕ್ಕೆ ಅದು ಹಿಡಿಸಲಿಲ್ಲ. ಬಾಲ ಕತ್ತರಿಸಿ ‘ಕಾರಣ’ ಎಂದು ನಿಲ್ಲಿಸಿದೆ. ಅಚ್ಚುಕಟ್ಟಾಗಿದೆ ಎಂದು ಹಿರಿಯರು ಬೆನ್ನು ತಟ್ಟಿದರು. ನಮ್ಮ ಭಾಷೆಯಲ್ಲಿ ಸಂಶಯವು ಕ್ರಿಯಾಪದದ ಕೊನೆಯಲ್ಲಿ ಕೂರುತ್ತದೆ, ಜಾಗ ಸಾಲದಾದಾಗ ಕತ್ತರಿ ಬೀಳುವುದೂ ಅಲ್ಲಿಗೇ. ಆ ‘ಬಹುದು’ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ವರದಿಗಾರರ ಕಷ್ಟವೂ ಸುಳ್ಳಲ್ಲ. ಸಂಜೆಯೊಳಗೆ ಸುದ್ದಿ ಕೊಡಬೇಕಾದವರು ಮೂಲ ಪ್ರಬಂಧದ ಪೂರಕ ಕೋಷ್ಟಕಗಳನ್ನು ಎಲ್ಲಿ ಓದಿಯಾರು? ಅದಿರಲಿ. ಉತ್ಪ್ರೇಕ್ಷೆ ಯಾವಾಗಲೂ ಅವರಿಂದಲೇ ಹುಟ್ಟುವುದೂ ಇಲ್ಲ. 2014ರಲ್ಲಿ ವೈದ್ಯಕೀಯ ನಿಯತಕಾಲಿಕ ‘ಬಿಎಂಜೆ’ಯಲ್ಲಿ ಪ್ರಕಟವಾದ ಅಧ್ಯಯನವೊಂದು ಬ್ರಿಟನ್ನಿನ ವಿಶ್ವವಿದ್ಯಾಲಯಗಳು ಆರೋಗ್ಯ ಸಂಶೋಧನೆಯ ಬಗ್ಗೆ ಹೊರಡಿಸಿದ 462 ಪತ್ರಿಕಾ ಪ್ರಕಟಣೆಗಳನ್ನು ಮೂಲ ಪ್ರಬಂಧಗಳ ಪಕ್ಕ ಇಟ್ಟು ನೋಡಿತು. ಅವುಗಳಲ್ಲಿ ಶೇ. 40ರಷ್ಟರಲ್ಲಿ ಪ್ರಬಂಧದಲ್ಲಿ ಇದ್ದುದಕ್ಕಿಂತ ಉತ್ಪ್ರೇಕ್ಷಿತ ಸಲಹೆ ಇತ್ತು. ಪ್ರಕಟಣೆ ಉಬ್ಬಿದ್ದಲ್ಲಿ ಸುದ್ದಿಯೂ ಉಬ್ಬಿತ್ತು.

ನನ್ನ ನಿಜವಾದ ಕೊರಗು ಬೇರೆ. ಜನರ ಗಮನಕ್ಕೆ ಮಿತಿಯಿರುವುದರಿಂದ ಕಳಪೆ ಮಾಹಿತಿಯೂ ಒಳ್ಳೆಯ ಮಾಹಿತಿಯಷ್ಟೇ ಸುಲಭವಾಗಿ ಹಬ್ಬುತ್ತದೆ ಎಂದು ಗಣಿತ ಮಾದರಿಯಿಂದ ವಾದಿಸಿದ ಪ್ರಬಂಧವೊಂದು 2017ರಲ್ಲಿ ‘ನೇಚರ್ ಹ್ಯೂಮನ್ ಬಿಹೇವಿಯರ್’ನಲ್ಲಿ ಬಂದು ಬಹಳ ಸುದ್ದಿಯಾಯಿತು. ತಮ್ಮ ವಿಶ್ಲೇಷಣೆಯಲ್ಲಿ ತಪ್ಪಿದ್ದುದನ್ನು ಕಂಡ ಲೇಖಕರೇ 2019ರಲ್ಲಿ ಅದನ್ನು ಹಿಂತೆಗೆದುಕೊಂಡರು. ತಪ್ಪನ್ನು ತಾವೇ ಹೇಳಿಕೊಂಡ ಆ ವಿಜ್ಞಾನಿಗಳ ಬಗ್ಗೆ ನನಗೆ ತುಂಬು ಅಭಿಮಾನವಿದೆ. ಮೊದಲ ಸುದ್ದಿಯನ್ನು ಮುಖಪುಟಕ್ಕೆ ಏರಿಸಿದವರು ಎರಡನೆಯದಕ್ಕೂ ಮುಖಪುಟದಲ್ಲೇ ಜಾಗ ಕೊಡಬೇಕಿತ್ತು ಎಂಬುದು ನನ್ನ ಹಟ.

ಆರು ಎಂಬ ಅಂಕಿಗೂ ಜಾಲಗಳ ಅಧ್ಯಯನಕ್ಕೂ ಏನೋ ಹಳೆಯ ನಂಟು. ಜಗತ್ತಿನ ಯಾವ ಇಬ್ಬರ ನಡುವೆಯೂ ಆರೇ ಕೊಂಡಿ ಎಂಬ ಜನಪ್ರಿಯ ಮಾತಿಗೆ ಅಮೆರಿಕದ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಂ ಅವರ ಪ್ರಯೋಗವನ್ನು ಆಧಾರ ಕೊಡುತ್ತಾರೆ. ಜೆಫ್ರಿ ಟ್ರಾವರ್ಸ್ ಜೊತೆಗೂಡಿ ಅವರು 1969ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಪರಿಚಿತರಿಂದ ಪರಿಚಿತರಿಗೆ ದಾಟಿಸುತ್ತಾ ಗೊತ್ತುಪಡಿಸಿದ ಒಬ್ಬ ವ್ಯಕ್ತಿಗೆ ಮುಟ್ಟಿಸಬೇಕಾದ ಪತ್ರ ಸರಣಿ 296 ಮಂದಿಯಿಂದ ಹೊರಡಬೇಕಿತ್ತು, ಗುರಿ ಮುಟ್ಟಿದ್ದು 64. ತಲುಪದ 232ರ ಬಗ್ಗೆ ಯಾರೂ ತಲೆಬರಹ ಬರೆಯಲಿಲ್ಲ.

ನೀವು ಜಾಗರೂಕ ಓದುಗರು. ಇಲ್ಲದಿದ್ದರೆ ಸಂಪಾದಕನನ್ನು ತರಾಟೆಗೆ ತೆಗೆದುಕೊಳ್ಳುವಷ್ಟು ತಾಳ್ಮೆ ನಿಮಗೆ ಇರುತ್ತಿರಲಿಲ್ಲ. ಮುಂದಿನ ಸಂಚಿಕೆಯಲ್ಲಿ 2018ರ ಅಧ್ಯಯನವನ್ನೂ 2021ರದನ್ನೂ ಒಂದೇ ಪುಟದಲ್ಲಿ, ಒಂದೇ ಗಾತ್ರದ ಅಕ್ಷರದಲ್ಲಿ ಪ್ರಕಟಿಸುತ್ತೇವೆ. ತಲೆಬರಹ ಎರಡು ಸಾಲಿಗೆ ಹೋದರೂ ಸರಿ, ‘ಬಹುದು’ ಇರುತ್ತದೆ.