ಹೆಸರು ಬಂತೇನ್ರೀ?

ಬ್ಯಾಡಗಿಯ ಗೆಳೆಯರಿಗೆ, ನಮಸ್ಕಾರ.

ನಿಮ್ಮ 'ಕೊಲೆಗಾರನ ಧರ್ಮ' ಲೇಖನ ಧಾರವಾಡಕ್ಕೆ ಬಂದು ಮೂರು ವಾರವಾಯಿತು. ಮೊದಲ ಸಲ ಓದಿದಾಗ ವಾಪಸ್ ಕಳಿಸೋಣ ಅನ್ನಿಸಿತ್ತು. ಎರಡನೇ ಸಲ ಓದಿದಾಗ ಸಿಟ್ಟು ಬಂತು. ಒಳ್ಳೆಯ ಲೇಖನ ಒಂದನ್ನು ನೀವು ಏಳು ಪುಟದ ಅಡಿಯಲ್ಲಿ ಹೂತು ಹಾಕಿದ್ದೀರಿ. 'ಮುಲಾಜಿಲ್ಲದೆ ಹೇಳಿ ಸರ್' ಅಂತ ಬರೆದಿದ್ದೀರಲ್ಲ, ಹಾಗಾಗಿ ಹೇಳುತ್ತಿದ್ದೇನೆ.

ನಿಮ್ಮ ದೂರು ಇಷ್ಟು. ಮುಸ್ಲಿಂ ಹೆಸರಿನವನು ಜನರನ್ನು ಕೊಂದರೆ ಅವನ ಧರ್ಮ ಸುದ್ದಿಯಾಗುತ್ತದೆ. ಬೇರೆಯವನು ಕೊಂದರೆ ಅವನ ಸಾಲ, ಖಿನ್ನತೆ, ಮುರಿದ ಮದುವೆ ಸುದ್ದಿಯಾಗುತ್ತದೆ. ದೂರು ನಿಜ, ಅದರಲ್ಲಿ ನನಗೆ ತಕರಾರಿಲ್ಲ. ಅಮೆರಿಕದಲ್ಲಿ 2006ರಿಂದ 2015ರವರೆಗಿನ ಭಯೋತ್ಪಾದಕ ದಾಳಿಗಳ ಸುದ್ದಿಯನ್ನು ಸಂಶೋಧಕರು ಎಣಿಸಿ ನೋಡಿದ್ದಾರೆ. ದಾಳಿ ಮಾಡಿದವನು ಮುಸ್ಲಿಮನಾಗಿದ್ದರೆ ಸರಾಸರಿ ಶೇ. 357ರಷ್ಟು ಹೆಚ್ಚು ಸುದ್ದಿ ಬಂದಿತ್ತು. ಅದನ್ನು ನೀವು ಬಳಸಿಲ್ಲ. ಬದಲಿಗೆ 'ಎಲ್ಲರಿಗೂ ಗೊತ್ತಿರುವಂತೆ' ಅಂತ ಐದು ಕಡೆ ಬರೆದಿದ್ದೀರಿ. ಎಲ್ಲರಿಗೂ ಗೊತ್ತಿದ್ದರೆ ನಾವ್ಯಾಕೆ ಅಚ್ಚು ಹಾಕಬೇಕು?

ಈಗ ನಾಲ್ಕನೇ ಪುಟಕ್ಕೆ ಬನ್ನಿ. ಮೆಣಸಿನಕಾಯಿ ಮಾರುಕಟ್ಟೆಯ ಹತ್ತಿರದ ಚಹಾದಂಗಡಿ. ಟಿವಿಯಲ್ಲಿ ಎಲ್ಲೋ ಬಾಂಬ್ ಸ್ಫೋಟದ ಸುದ್ದಿ. ಎಷ್ಟು ಜನ ಸತ್ತರು ಅಂತ ಯಾರೂ ಕೇಳಲಿಲ್ಲ, ಗಲ್ಲೆಯ ಮೇಲಿದ್ದವರು 'ಹೆಸರು ಬಂತೇನ್ರೀ?' ಅಂದರು. ಮೂಲೆಯಲ್ಲಿ ಕೂತಿದ್ದ ಹಮಾಲಿ ಅರ್ಧ ಚಹಾ ಬಿಟ್ಟು, ಗ್ಲಾಸು ಕೆಳಗಿಟ್ಟು ಹೊರಗೆ ಹೋದ. ಆಮೇಲೆ ಬಂದ ಹೆಸರು ಅವರು ಅಂದುಕೊಂಡಿದ್ದಲ್ಲ. ಯಾರೋ ರಿಮೋಟ್ ತಗೊಂಡು ಕ್ರಿಕೆಟ್ ಹಾಕಿದರು.

ಇಷ್ಟನ್ನೇ ನೀವು ಆರು ಸಾಲಿನಲ್ಲಿ ಮುಗಿಸಿ 'ಇಂತಹ ಮನಸ್ಥಿತಿ ಖಂಡನೀಯ' ಅಂತ ಹಣೆಪಟ್ಟಿ ಹಚ್ಚಿದ್ದೀರಿ. ಆ ಸಾಲು ತೆಗೆಯಿರಿ. ಲೇಖನ ಶುರುವಾಗಬೇಕಾದ್ದೇ ಇಲ್ಲಿಂದ. ಮೊದಲ ಮೂರು ಪುಟದ ಜಗತ್ತಿನ ಇತಿಹಾಸ, ಶಿಲುಬೆ ಯುದ್ಧಗಳೂ ಸೇರಿ, ನನಗೆ ಬೇಡ.

ಒಂದು ಮಾತು ಕೇಳಲೇಬೇಕು. ಅದೇ ಪುಟದಲ್ಲಿ ಆ ಹಮಾಲಿಯನ್ನು ನೀವು 'ಅನ್ಯಕೋಮಿನ ಬಡ ಹಮಾಲಿ' ಅಂತ ಕರೆದಿದ್ದೀರಿ. ಯಾರಿಗೆ ಅನ್ಯ? ನಿಮಗಾ, ಓದುವವರಿಗಾ? ಅವನೂ ನಮ್ಮ ಓದುಗನಾಗಿದ್ದರೆ? ಈ ಪದ ನಮ್ಮ ಪತ್ರಿಕೆಗಳ ಕೂಸು. ಗಲಭೆ ಸುದ್ದಿಯಲ್ಲಿ ಧರ್ಮದ ಹೆಸರು ಹಾಕಬಾರದು, ಬೆಂಕಿಗೆ ತುಪ್ಪ ಸುರಿದಂತಾಗುತ್ತದೆ ಅಂತ ಒಂದು ಒಳ್ಳೆಯ ರೂಢಿ ಇತ್ತು. 'ಎರಡು ಗುಂಪುಗಳ ನಡುವೆ ಘರ್ಷಣೆ' ಅಂತ ಬರೆಯುತ್ತಿದ್ದೆವು. ಆಮೇಲೆ 'ಅನ್ಯಕೋಮು' ನುಸುಳಿತು. ಹೆಸರು ಮುಚ್ಚಿಟ್ಟು ಮನೆ ವಿಳಾಸ ಕೊಟ್ಟ ಹಾಗೆ! ಇಬ್ಬಗೆ ನೀತಿಯ ವಿರುದ್ಧದ ಲೇಖನದಲ್ಲೇ ಆ ಪದ ಬಂದಿದೆ ಅಂದರೆ ಅದು ನಮ್ಮೆಲ್ಲರ ನಾಲಿಗೆಯ ಮೇಲೆ ಎಷ್ಟು ಕೂತಿದೆ ನೋಡಿ. ಅದನ್ನು ಹೊಡೆದು ಹಾಕಿ. ಆದರೆ ಅದು ನಿಮ್ಮ ಕೈಯಿಂದಲೂ ಹೇಗೆ ಬಂತು ಅಂತ ಒಂದು ಪ್ಯಾರಾ ಬರೆಯಿರಿ. ಓದುಗ ಆಗ ನಿಮ್ಮನ್ನು ನಂಬುತ್ತಾನೆ.

ಇನ್ನೊಂದು ಲೆಕ್ಕ ಕೆಂಪು ಪೆನ್ನಿನಲ್ಲಿ ಮಾಡಿದ್ದೇನೆ. ನಿಮಗೆ ಆಗದವರ ಕಡೆಯವರು ಕೊಂದಾಗ 'ಕೋಮುವಾದಿ ಹಂತಕರು', ಒಂಬತ್ತು ಸಲ. ನೀವು ಯಾರ ಪರ ನಿಂತಿದ್ದೀರೋ ಆ ಕಡೆಯವರು ಕೊಂದಾಗ 'ದಾರಿ ತಪ್ಪಿದ ಹುಡುಗರು'. ಟಿವಿಯವರು ಒಂದು ಕಡೆಯವರಿಗೆ 'ಉಗ್ರ', ಇನ್ನೊಂದು ಕಡೆಯವರಿಗೆ 'ಕಿಡಿಗೇಡಿ' ಅನ್ನುತ್ತಾರೆ ಅಂತ ಬೈದಿದ್ದೀರಲ್ಲ, ನೀವು ತಕ್ಕಡಿ ತಿರುಗಿಸಿ ಹಿಡಿದಿದ್ದೀರಿ ಅಷ್ಟೇ. ತೂಕದ ಕಲ್ಲು ಅದೇ.

ನಾರ್ವೆಯಲ್ಲಿ ಬ್ರೇವಿಕ್ ಎಂಬವನು ಒಬ್ಬನೇ ನಡೆಸಿದ ಹತ್ಯಾಕಾಂಡದ ಭಾಗದಲ್ಲಿ ಸತ್ತವರು 93 ಎಂದಿದೆ. ಅದು ಮೊದಲ ದಿನಗಳ ಗಡಿಬಿಡಿಯ ಲೆಕ್ಕ. 2011ರ ಜುಲೈ 22ರಂದು ಸತ್ತವರು ಒಟ್ಟು 77. ಓಸ್ಲೊ ಬಾಂಬಿಗೆ 8, ಉಟೊಯಾ ದ್ವೀಪದಲ್ಲಿ 69. 'ಬ್ರೇವಿಕ್‌ನ ಧರ್ಮವನ್ನು ಯಾರೂ ಎತ್ತಲಿಲ್ಲ' ಅನ್ನುವುದೂ ಸರಿಯಲ್ಲ. ಮೊದಲ ಕೆಲವು ಗಂಟೆ ಇಸ್ಲಾಮಿ ಉಗ್ರರ ಕಡೆ ಬೊಟ್ಟು ಮಾಡಿದವರು ಬಹಳ ಇದ್ದರು, ನಿಜ. ಆದರೆ ಮಾರನೇ ದಿನ ಅವನನ್ನು ಕ್ರೈಸ್ತ ಮೂಲಭೂತವಾದಿ ಅಂತ ಕರೆದದ್ದು ನಾರ್ವೆಯ ಪೊಲೀಸರೇ. ನಿಮ್ಮ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಂಗತಿ ಅಲ್ಲೇ ಇದೆ. ಮೊದಲು ಪರೀಕ್ಷಿಸಿದ ಮನೋವೈದ್ಯರು ಅವನಿಗೆ ತಲೆ ಸರಿ ಇಲ್ಲ ಅಂದರು. ಎರಡನೇ ತಂಡ ಸರಿ ಇದೆ ಅಂದಿತು. ನನ್ನನ್ನು ಹುಚ್ಚ ಅನ್ನಬೇಡಿ ಅಂತ ಬಡಿದಾಡಿದವನು ಕೊಲೆಗಾರನೇ. 2012ರಲ್ಲಿ ಕೋರ್ಟೂ ಅವನಿಗೆ ಹುಚ್ಚಿಲ್ಲ ಎಂದಿತು. ಅವನೇ ಬೇಡ ಅಂದರೂ ನಾವು 'ಹುಚ್ಚ' ಅಂತ ರಿಯಾಯಿತಿ ಕೊಡುವುದು ಯಾರ ಸಮಾಧಾನಕ್ಕೆ? ಇದನ್ನು ಬೆಳೆಸಿ.

ಮಹಾರಾಷ್ಟ್ರದ ಮಾಲೆಗಾಂವ್‌ನ 2006ರ ಸ್ಫೋಟವನ್ನೂ 2008ರದ್ದನ್ನೂ ಒಂದೇ ಮಾಡಿಬಿಟ್ಟಿದ್ದೀರಿ. ಮೊದಲನೆಯದರಲ್ಲಿ ಹಿಡಿದ ಮುಸ್ಲಿಂ ಯುವಕರನ್ನು 2016ರಲ್ಲಿ ಕೋರ್ಟು ಆರೋಪದಿಂದ ಕೈಬಿಟ್ಟಿತು. ಎರಡನೆಯದರಲ್ಲಿ ಆರೋಪ ಹೊತ್ತಿದ್ದ ಏಳು ಜನರೂ 2025ರ ಜುಲೈನಲ್ಲಿ ಖುಲಾಸೆಯಾದರು. ನೀವು 'ಅಪರಾಧ ಸಾಬೀತಾದ' ಅಂತ ಬರೆದಿದ್ದೀರಿ. ಇದು ಅಚ್ಚಾಗಿದ್ದರೆ ಕೋರ್ಟು ಮೆಟ್ಟಿಲು ಹತ್ತುವವನು ನಾನು.

ಓಸ್ಲೊವರೆಗೆ ಹೋದವರು ಹುಬ್ಬಳ್ಳಿಯಲ್ಲಿ ಯಾಕೆ ಜಾಸ್ತಿ ಹೊತ್ತು ನಿಲ್ಲಲಿಲ್ಲ? 2008ರ ಮೇ 10ರಂದು ಹುಬ್ಬಳ್ಳಿ ಕೋರ್ಟಿನಲ್ಲಿ ಸಿಡಿದ ಬಾಂಬಿನ ಬಗ್ಗೆ ಎರಡೇ ಸಾಲು ಇದೆ. ಅಂದು ಎರಡನೇ ಶನಿವಾರ, ಕೋರ್ಟಿಗೆ ರಜೆ, ಜೀವ ಉಳಿದವು. ಆ ವರ್ಷದ ಆರಂಭದಲ್ಲೇ ಸಿಮಿ ಎಂಬ ನಿಷೇಧಿತ ಮುಸ್ಲಿಂ ವಿದ್ಯಾರ್ಥಿ ಸಂಘಟನೆಯ ಪ್ರಕರಣದಲ್ಲಿ ಇಲ್ಲಿ ಬಂಧನಗಳಾಗಿದ್ದವು, ಹಿಡಿದವರಲ್ಲಿ ಮೆಡಿಕಲ್ ಓದುವ ಹುಡುಗರೂ ಇದ್ದರು. ಹಾಗಾಗಿ ಇದೂ ಅವರದೇ ಕೆಲಸ ಅಂತ ಊರೆಲ್ಲ ತೀರ್ಮಾನ ಮಾಡಿತು. ಆ ಬಾಂಬಿಗಾಗಿ 2009ರಲ್ಲಿ ಪೊಲೀಸರು ಹಿಡಿದವರ ಹೆಸರುಗಳು ಬೇರೆಯೇ ಇದ್ದವು, ಊರು ಅಂದುಕೊಂಡಿದ್ದವಲ್ಲ. ಸಿಮಿ ಪ್ರಕರಣದವರು 2015ರಲ್ಲಿ ಖುಲಾಸೆಯಾದರು. ನಿಮ್ಮ ವಾದಕ್ಕೆ ಹೇಳಿ ಮಾಡಿಸಿದ ಉದಾಹರಣೆ.

ಆದರೆ ಅದೇ ಹುಬ್ಬಳ್ಳಿಯಲ್ಲಿ ಇನ್ನೊಂದು ಆಗಿತ್ತು. ಅದನ್ನು ನೀವು ಬಿಟ್ಟಿದ್ದೀರಿ. ಗೊತ್ತಿಲ್ಲದೆ ಬಿಟ್ಟಿದ್ದರೆ ಸರಿ, ಬೇಡ ಅಂತ ಬಿಟ್ಟಿದ್ದರೆ ಬೇಜಾರು. 2000ದ ಜುಲೈ 8, ಲುಥೆರನ್ ಚರ್ಚಿನಲ್ಲಿ ಸ್ಫೋಟ. ಹಿಂದಿನ ತಿಂಗಳು ಕಲಬುರಗಿ ಕಡೆಯ ವಾಡಿಯ ಚರ್ಚಿನಲ್ಲಿ ಆಗಿತ್ತು, ಮಾರನೇ ದಿನ ಬೆಂಗಳೂರಿನಲ್ಲಿ. ನಾನಾಗ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕ, ರಾತ್ರಿ ಪಾಳಿ. ಒಡಿಶಾದಲ್ಲಿ ಕ್ರೈಸ್ತ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಮಕ್ಕಳನ್ನು ಸುಟ್ಟು ಒಂದೂವರೆ ವರ್ಷವಾಗಿತ್ತಷ್ಟೇ. ಚರ್ಚಿಗೆ ಬಾಂಬ್ ಇಟ್ಟವರು ಯಾರು ಅಂತ ನನಗೆ 'ಗೊತ್ತಿತ್ತು'. ಹಿಂದೂ ಸಂಘಟನೆಗಳ ಕಡೆ ಬೆರಳು ಮಾಡುವ ಶೀರ್ಷಿಕೆ ಬರೆದೆ, ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ. ಆ ಚಿಹ್ನೆ ಹಾಕಿದರೆ ಪಾಪ ತಟ್ಟಲ್ಲ ಅಂದುಕೊಂಡಿದ್ದ ವಯಸ್ಸು.

ಬೆಂಗಳೂರಿನಲ್ಲಿ ಬಾಂಬ್ ಒಯ್ಯುತ್ತಿದ್ದ ವ್ಯಾನು ತಾನೇ ಸಿಡಿದು ಗುಟ್ಟು ರಟ್ಟಾಯಿತು. ಬಾಂಬ್ ಇಟ್ಟವರು ದೀನ್‌ದಾರ್ ಅಂಜುಮನ್ ಎಂಬ ಸಂಘಟನೆಗೆ ಸೇರಿದವರು ಅಂತ ತನಿಖೆ ಹೇಳಿತು. ಮರುವರ್ಷ ಸಂಘಟನೆಗೆ ನಿಷೇಧ ಬಂತು, 2008ರಲ್ಲಿ ವಿಶೇಷ ಕೋರ್ಟು ಹಲವರಿಗೆ ಶಿಕ್ಷೆ ಕೊಟ್ಟಿತು. ಈಗ ಧರ್ಮದ ಪಟ್ಟಿ ಹಚ್ಚೋಣ ಅಂದರೆ ಇನ್ನೊಂದು ಪೇಚು. ಆ ಸಂಘಟನೆ ಕಟ್ಟಿದವರು ನಮ್ಮ ಗದಗದಲ್ಲಿ ನೆಲೆಸಿ, ತಾನೇ ಚನ್ನಬಸವೇಶ್ವರ ಅಂತ ಸಾರಿಕೊಂಡಿದ್ದವರು. ಮುಸ್ಲಿಂ ಸಂಘಟನೆಗಳೇ ಅವರನ್ನು ತಮ್ಮವರಲ್ಲ ಅನ್ನುತ್ತಿದ್ದವು. ನನ್ನ ಶೀರ್ಷಿಕೆಗೆ ತಿದ್ದುಪಡಿ ಅಂತ ಏನೂ ಅಚ್ಚಾಗಲಿಲ್ಲ. ನಾನೂ ಕೇಳಲಿಲ್ಲ.

ಒಂದೇ ಊರು, ಎಂಟು ವರ್ಷದ ಅಂತರ. ಎರಡು ಸಲವೂ ಊರು ಮೊದಲೇ ಹೆಸರು ಇಟ್ಟುಕೊಂಡಿತ್ತು, ಎರಡು ಸಲವೂ ತಪ್ಪು. ನೀವು 2008 ಮಾತ್ರ ಬರೆದರೆ ನಿಮ್ಮ ಎದುರಾಳಿ 2000 ಮಾತ್ರ ಬರೆದು ಕಳಿಸುತ್ತಾನೆ. ನನ್ನ ಮೇಜಿನ ಮೇಲೆ ಅಂಥ ಲೇಖನವೂ ಒಂದಿದೆ. ಅದರಲ್ಲಿ ಕೋರ್ಟಿನ ಬಾಂಬ್ ಇಲ್ಲ!

'ಭಯೋತ್ಪಾದನೆಗೆ ಧರ್ಮವಿಲ್ಲ' ಅಂತ ಮುಗಿಸಿದ್ದೀರಿ. ಅದು ಭಾಷಣಕ್ಕೆ ಸರಿ. ಕೆಲವರು ಧರ್ಮದ ಹೆಸರು ಹೇಳಿಕೊಂಡೇ ಕೊಲ್ಲುತ್ತಾರೆ, ಯಾರನ್ನು ಕೊಲ್ಲಬೇಕು ಅಂತ ಧರ್ಮ ನೋಡಿಯೇ ಆರಿಸುತ್ತಾರೆ. ಅದನ್ನು ಬರೆಯಬೇಕು. ಕೊಂದವನೇ ಏನು ಹೇಳಿಕೊಂಡ, ಯಾರನ್ನು ಆರಿಸಿದ, ಹಿಂದೆ ಯಾರಿದ್ದರು, ಈ ಮೂರನ್ನು ಎಲ್ಲ ಕೊಲೆಗಾರರ ಬಗ್ಗೆಯೂ ಕೇಳಿ. ಉತ್ತರ ಸಿಕ್ಕಿದ್ದಕ್ಕೆ ಮಾತ್ರ ಧರ್ಮ ತನ್ನಿ. ಅವನ ಧರ್ಮದ ಉಳಿದವರು, ಆ ಹಮಾಲಿಯಂಥವರು, ಉತ್ತರ ಕೊಡಬೇಕಾಗಿಲ್ಲ.

ಅಂದ ಹಾಗೆ, ಹೆಸರು ಬೇರೆ ಬಂದ ಮೇಲೆ ಆ ಹಮಾಲಿ ಒಳಗೆ ಬಂದನಾ? ಉಳಿದ ಚಹಾ ಕುಡಿದನಾ? ನೀವು ಬರೆದಿಲ್ಲ. ಮಾರುಕಟ್ಟೆಗೆ ಹೋಗಿ ಅವನನ್ನೇ ಕೇಳಿ. ಹೇಳದಿದ್ದರೆ, ಹೇಳಲಿಲ್ಲ ಅಂತ ಬರೆಯಿರಿ.

ಮೂರು ಪುಟದೊಳಗೆ, ತಿಂಗಳ ಕೊನೆಗೆ ಬಂದರೆ ಸಾಕು. 'ನುಡಿ' ತಂತ್ರಾಂಶದ ಹಳೆಯ ಅಕ್ಷರದಲ್ಲಿ ಬೇಡ, ಯೂನಿಕೋಡ್‌ನಲ್ಲಿ ಕಳಿಸಿ. ಈ ಸಲ ಒತ್ತಕ್ಷರ ಬಂದ ಕಡೆಯೆಲ್ಲ ಚೌಕ ಬಂದಿತ್ತು, 'ಧರ್ಮ' ಅನ್ನುವುದನ್ನೇ ಊಹೆ ಮಾಡಿ ಓದಿದ್ದೇನೆ.

ನಿಮ್ಮ,
ಸಂಪಾದಕ