ದೇವದಾರು ಕಾಡಿನ ಸಿಡಿಯುವ ಕಾಯಿ

ಪ್ರಶ್ನೆ: ಆಗಸ್ಟ್‌ನಲ್ಲಿ ಮನಾಲಿಯ ದೇವದಾರು ಕಾಡಿನೊಳಗೆ, ತೊರೆಯ ಬದಿಯಲ್ಲಿ ಆಳೆತ್ತರದ ಗುಲಾಬಿ ಹೂವಿನ ಗಿಡಗಳನ್ನು ಕಂಡೆ. ಕಾಯಿ ಮುಟ್ಟಿದರೆ ಸಿಡಿಯುತ್ತಿತ್ತು. ಅದು ಯಾವ ಗಿಡ? ಉಡುಪಿಯಲ್ಲಿ ಬೆಳೆದೀತೇ?
– ಓದುಗರೊಬ್ಬರು, ಉಡುಪಿ

ಉತ್ತರ: ನಿಮ್ಮ ವಿವರಣೆಯಂತೆ ಅದು ಹಿಮಾಲಯ ಮೂಲದ ಏಕವಾರ್ಷಿಕ ಸಸ್ಯ ಇಂಪೇಷಿಯನ್ಸ್ ಗ್ಲಾಂಡುಲಿಫೆರಾ ಇರಬೇಕು; ಮಳೆಗಾಲದಲ್ಲಿ ನಮ್ಮ ಅಂಗಳಗಳಲ್ಲಿ ಅರಳುವ ಕರ್ಣಕುಂಡಲದ ಸಂಬಂಧಿ. ಬಲಿತ ಕಾಯಿಯ ಐದು ಹೋಳುಗಳು ಬಿಗಿದ ಸ್ಪ್ರಿಂಗಿನಂತೆ ಒಮ್ಮೆಗೇ ಸುರುಳಿ ಸುತ್ತಿಕೊಳ್ಳುವುದರಿಂದ ಬೀಜಗಳು ಹಲವು ಮೀಟರ್ ದೂರಕ್ಕೆ ಚಿಮ್ಮುತ್ತವೆ. ಆ ಬೀಜ ಮೊಳೆಯಲು ವಾರಗಟ್ಟಲೆ ತೇವದ ಚಳಿ ಬೇಕಾಗಿರುವುದರಿಂದ ಕರಾವಳಿಯ ಸೆಕೆಯಲ್ಲಿ ಅದು ಬೆಳೆಯುವ ಭರವಸೆಯಿಲ್ಲ. ತರದಿರುವುದೇ ಲೇಸು ಕೂಡ: 1839ರಲ್ಲಿ ತೋಟದ ಅಂದಕ್ಕೆಂದು ಬ್ರಿಟನ್ನಿಗೆ ಒಯ್ದ ಈ ಗಿಡ ಅಲ್ಲಿನ ಹೊಳೆದಂಡೆಗಳನ್ನು ಆಕ್ರಮಿಸಿ ಸ್ಥಳೀಯ ಸಸ್ಯಗಳನ್ನು ಹಿಂದಕ್ಕೆ ತಳ್ಳಿದೆ. ಅಂಗಳಕ್ಕೆ ಕರ್ಣಕುಂಡಲವೇ ಸಾಕು. ಬೀಜ ಬೇಕಿದ್ದರೆ ಕಾಯಿ ಹಳದಿಯಾಗುವ ಮೊದಲೇ ತೆಳುಬಟ್ಟೆ ಕಟ್ಟಿಡಿ.